ಆ್ಯಂಟಿಆಕ್ಸಿಡೆಂಟ್ ಮತ್ತು ನಮ್ಮ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ಊಟದ ವಿಚಾರ ಮಾತಾಡುವುದೇ ನನ್ನ ಕೆಲಸ. ಆಹಾರ ತಜ್ಞೆ ಅನ್ನುತ್ತಾರೆ. ಹಿಂದೆಲ್ಲ ಬಂದವರು "ಮೇಡಂ, ಏನೇನು ಬಿಡಬೇಕು?" ಅಂತ ಕೇಳುತ್ತಿದ್ದರು. ಈಗ ಮೊಬೈಲ್ ಮುಂದೆ ಹಿಡಿದು "ಇದರಲ್ಲಿ ಆ್ಯಂಟಿಆಕ್ಸಿಡೆಂಟ್ ತುಂಬಾ ಇದೆಯಂತೆ, ತರಿಸಲಾ?" ಅನ್ನುತ್ತಾರೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಮನೆಯವರ ಆರೋಗ್ಯಕ್ಕೆಂದು ಕಷ್ಟಪಟ್ಟು ದುಡ್ಡು ಎತ್ತಿಟ್ಟವರು. ಸಾಲಿನಲ್ಲಿ ಇನ್ನೂ ಹತ್ತು ಜನ ಕಾಯುತ್ತಿರುವಾಗ ಅವರಿಗೆ ಪೂರ್ತಿ ಹೇಳಲು ಆಗುವುದಿಲ್ಲ. ಹೇಳದೆ ಉಳಿದದ್ದೆಲ್ಲ ಇಲ್ಲಿದೆ.

ಆ್ಯಂಟಿಆಕ್ಸಿಡೆಂಟ್ ಅಂದರೆ ಏನು? ನಮಗೆ ಅರ್ಥವಾಗುವ ಹಾಗೆ ಹೇಳಿ.

ಬಾಳೆಮೂತಿ ಹೆಚ್ಚಿದ್ದೀರಾ? ನಮ್ಮ ಅತ್ತೆ ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ಪಕ್ಕದಲ್ಲಿ ಒಂದು ಪಾತ್ರೆ ನೀರು ಮಜ್ಜಿಗೆ ಇಟ್ಟುಕೊಳ್ಳುತ್ತಾರೆ. ಅಂಗೈಗೆ ಎಣ್ಣೆ ಸವರಿಕೊಂಡು, ಒಂದೊಂದೇ ಎಸಳು ಬಿಡಿಸಿ, ಒಳಗಿನ ಹೂವಿನ ಗಟ್ಟಿ ನರ ಕಿತ್ತು, ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆಗೆ ಹಾಕುತ್ತಾರೆ. ಮಜ್ಜಿಗೆಗೆ ಬೀಳದೆ ಈಳಿಗೆಮಣೆಯ ಮೇಲೆ ಉಳಿದ ಚೂರು ನೋಡನೋಡುತ್ತ ಕಪ್ಪಾಗುತ್ತದೆ. ಹೆಚ್ಚಿದಾಗ ಜೀವಕೋಶ ಒಡೆದು ಅದರಲ್ಲಿನ ಫಿನಾಲ್ ಎಂಬ ವಸ್ತು ಹೊರಬರುತ್ತದೆ. ಅಲ್ಲೇ ಇರುವ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಅದಕ್ಕೆ ಸೇರಿಸುತ್ತದೆ. ಈ ಕ್ರಿಯೆಯೇ ಆಕ್ಸಿಡೇಶನ್, ಅಂದರೆ ಉತ್ಕರ್ಷಣ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ಹೆಚ್ಚಿದ ಸೇಬಿಗೆ ನಿಂಬೆರಸ ಸವರಿದಾಗ ಇನ್ನೊಂದು ಕೆಲಸವೂ ನಡೆಯುತ್ತದೆ. ರಸದಲ್ಲಿನ ವಿಟಮಿನ್ ಸಿ ತಾನೇ ಮೊದಲು ಉತ್ಕರ್ಷಣಗೊಂಡು ಸೇಬನ್ನು ಉಳಿಸುತ್ತದೆ. ಹೀಗೆ ತನ್ನನ್ನು ಕೊಟ್ಟುಕೊಂಡು ಪಕ್ಕದ್ದನ್ನು ಕಾಯುವ ವಸ್ತುವೇ ಆ್ಯಂಟಿಆಕ್ಸಿಡೆಂಟ್.

ನಮ್ಮ ದೇಹದಲ್ಲೂ ಇಂಥದ್ದು ಹಗಲೂ ರಾತ್ರಿ ನಡೆಯುತ್ತದೆ. ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ, ಒಲೆಯಿಂದ ಕಿಡಿ ಹಾರಿದಂತೆ, ಒಂಟಿ ಎಲೆಕ್ಟ್ರಾನಿನ ಕೆಲವು ಚುರುಕು ಕಣಗಳು ಹುಟ್ಟುತ್ತವೆ. ಅವೇ ಫ್ರೀ ರ್‍ಯಾಡಿಕಲ್‌ಗಳು. ಹತ್ತಿರ ಸಿಕ್ಕ ಕೊಬ್ಬು, ಪ್ರೋಟೀನ್, ಡಿಎನ್ಎಗೆ ಅವು ಹಾನಿ ಮಾಡಬಲ್ಲವು. ತಡೆಯಲು ದೇಹ ತಾನೇ ಗ್ಲುಟಾಥಯೋನ್‌ನಂಥ ವಸ್ತುಗಳನ್ನೂ ಹಲವು ಕಿಣ್ವಗಳನ್ನೂ ಮಾಡಿಕೊಳ್ಳುತ್ತದೆ. ಊಟದಿಂದ ಬರುವ ವಿಟಮಿನ್ ಸಿ, ವಿಟಮಿನ್ ಇ ಅವುಗಳ ಜೊತೆ ಸೇರುತ್ತವೆ.

ಹಾಗಾದರೆ ಫ್ರೀ ರ್‍ಯಾಡಿಕಲ್ ಅಂದರೆ ಶತ್ರುವೇ?

ಪೂರ್ತಿ ಅಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದೇ ಇಂಥ ಕಣಗಳನ್ನು ಬಳಸಿ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲೂ ಇವು ಬೇಕು. ವಯಸ್ಸಾಗುವುದಕ್ಕೆ ಫ್ರೀ ರ್‍ಯಾಡಿಕಲ್‌ಗಳ ಹಾನಿ ಕಾರಣವಿರಬಹುದು ಎಂದು ಅಮೆರಿಕದ ಡೆನಮ್ ಹಾರ್ಮನ್ 1956ರಲ್ಲಿ ಒಂದು ವಾದ ಮುಂದಿಟ್ಟರು. ಅದು ಜನರ ಬಾಯಿಗೆ ಬರುವಷ್ಟರಲ್ಲಿ "ಫ್ರೀ ರ್‍ಯಾಡಿಕಲ್ ಕೆಟ್ಟದ್ದು, ಆ್ಯಂಟಿಆಕ್ಸಿಡೆಂಟ್ ಒಳ್ಳೆಯದು, ಎಷ್ಟು ಹೆಚ್ಚು ತಿಂದರೆ ಅಷ್ಟು ಒಳ್ಳೆಯದು" ಅಂತಾಯಿತು. ಮೊದಲೆರಡು ಮಾತು ಅರ್ಧ ಸರಿ. ಮೂರನೆಯದು ತಪ್ಪು, ಮತ್ತು ಅದರಿಂದ ಜನರಿಗೆ ತೊಂದರೆಯೂ ಆಗಿದೆ. ಮುಂದೆ ಹೇಳುತ್ತೇನೆ.

ಯಾವುದರಲ್ಲಿ ಇದೆ ಅಂತ ಗುರುತಿಸುವುದು ಹೇಗೆ?

ಬಣ್ಣದಿಂದ ಮತ್ತು ರುಚಿಯಿಂದ. ಬಿಸಿಲು ಬಂದರೆ, ಹುಳ ಬಿದ್ದರೆ ಗಿಡ ಓಡಿಹೋಗಲಾರದು. ನಿಂತಲ್ಲೇ ತನ್ನ ರಕ್ಷಣೆಗೆ ಈ ವಸ್ತುಗಳನ್ನು ಮಾಡಿಕೊಳ್ಳುತ್ತದೆ. ಅದಕ್ಕೇ ಇವು ಸಿಪ್ಪೆ, ಕಾಳಿನ ಹೊಟ್ಟು, ಹೊರಗಿನ ಎಲೆಗಳಲ್ಲಿ ಹೆಚ್ಚು.

ಪಪ್ಪಾಯ, ಕುಂಬಳ, ಕ್ಯಾರೆಟ್, ಟೊಮೆಟೊ, ಬ್ಯಾಡಗಿ ಮೆಣಸಿನಕಾಯಿಯ ಹಳದಿ-ಕೆಂಪು ಕ್ಯಾರೋಟಿನಾಯ್ಡ್‌ಗಳದ್ದು. ನೇರಳೆ ಹಣ್ಣು, ಬದನೆಯ ಸಿಪ್ಪೆ, ಕಪ್ಪು ದ್ರಾಕ್ಷಿ, ಪುನರ್ಪುಳಿಯದ್ದು ಆಂಥೋಸಯನಿನ್. ಬೀಟ್‌ರೂಟ್, ಕೆಂಪು ಹರಿವೆ, ಬಸಳೆ ಹಣ್ಣಿನ ಬಣ್ಣ ನೋಡಲು ಹಾಗೇ ಇದ್ದರೂ ಬೇರೆಯದೇ ಜಾತಿ, ಬೀಟಲೈನ್. ಹಸಿರು ಸೊಪ್ಪಿನಲ್ಲಿ ಕ್ಯಾರೋಟಿನಾಯ್ಡ್ ಹಸಿರಿನ ಹಿಂದೆ ಅಡಗಿರುತ್ತದೆ.

ಬಣ್ಣವಿಲ್ಲದವೂ ಬಹಳ ಇವೆ. ಅವನ್ನು ನಾಲಗೆ ಹಿಡಿಯುತ್ತದೆ. ಗೇರುಹಣ್ಣು ಕಚ್ಚಿದಾಗ, ನೆಲ್ಲಿಕಾಯಿ ಅಗಿದಾಗ, ಬಲಿಯದ ಬಾಳೆಕಾಯಿ ಮುಟ್ಟಿದಾಗ ಬಾಯಿ ಒಣಗಿ ಬಿಗಿದಂತಾಗುತ್ತದಲ್ಲ, ನಾವು ಒಗರು ಅನ್ನುತ್ತೇವಲ್ಲ, ಅದು ಟ್ಯಾನಿನ್ ಎಂಬ, ಬಾಳೆಮೂತಿಯ ಫಿನಾಲ್ ಕುಟುಂಬಕ್ಕೇ ಸೇರಿದ ಪಾಲಿಫಿನಾಲ್‌ಗಳು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವ ಅನುಭವ. ಷಡ್ರಸಗಳಲ್ಲಿ ಒಗರಿಗೂ ಜಾಗ ಕೊಟ್ಟ ಊಟ ನಮ್ಮದು. ಈಗಿನ ತಟ್ಟೆಯಲ್ಲಿ ಮೊದಲು ಕಾಣೆಯಾದ ರುಚಿಯೂ ಅದೇ.

ತಿಂದ ಪಾಲಿಫಿನಾಲ್ ನೇರವಾಗಿ ರಕ್ತಕ್ಕೆ ಹೋಗಿ ಕೆಲಸ ಮಾಡುತ್ತದಾ?

ಜಾಹೀರಾತಿನ ಚಿತ್ರದಲ್ಲಿ ಹಾಗಿರುತ್ತದೆ. ದೇಹದಲ್ಲಿ ಹಾಗಿಲ್ಲ. ಬಹುತೇಕ ಪಾಲಿಫಿನಾಲ್‌ಗಳು ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಸೇರಿದ್ದನ್ನೂ ಯಕೃತ್ತು ರೂಪ ಬದಲಿಸಿ ಬೇಗ ಹೊರಹಾಕುತ್ತದೆ. ಸೇಬು ತಿಂದ ಮೇಲೆ ರಕ್ತದ ಆ್ಯಂಟಿಆಕ್ಸಿಡೆಂಟ್ ಶಕ್ತಿ ಏರುವುದನ್ನು ಕಂಡ ಅಮೆರಿಕದ ಲೈನಸ್ ಪಾಲಿಂಗ್ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ಕಾರಣ ಹುಡುಕಿದರು. ಏರಿಸಿದ್ದು ಸೇಬಿನ ಫ್ಲೇವನಾಯ್ಡ್ ಎಂಬ ಪಾಲಿಫಿನಾಲ್ ಅಲ್ಲ, ಹಣ್ಣಿನ ಸಕ್ಕರೆಯಿಂದ ದೇಹವೇ ಮಾಡಿದ ಯೂರಿಕ್ ಆ್ಯಸಿಡ್!

ಹಾಗಂತ ಪಾಲಿಫಿನಾಲ್ ವ್ಯರ್ಥವಲ್ಲ. ಅವು ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಅವುಗಳಿಂದ ಹುಟ್ಟುವ ಸಣ್ಣ ವಸ್ತುಗಳು ರಕ್ತ ಸೇರುತ್ತವೆ. ಕೆಲವು ಫ್ಲೇವನಾಯ್ಡ್‌ಗಳು ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುವಂತೆ ಮಾಡಿ ನಾಳ ಸಡಿಲವಾಗಲು ನೆರವಾಗುತ್ತವೆ. ಇನ್ನು ಕೆಲವು, ನಮ್ಮ ಜೀವಕೋಶಗಳೇ ತಮ್ಮ ರಕ್ಷಣೆಯ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುವಂತೆ ಎಚ್ಚರಿಸುತ್ತವೆ. ಹೆಸರು ಆ್ಯಂಟಿಆಕ್ಸಿಡೆಂಟ್ ಅಂತ ಉಳಿದುಹೋಗಿದೆ, ಉಪಕಾರ ಬೇರೆ ದಾರಿಯಿಂದ ಬರುತ್ತಿದೆ.

ಡಬ್ಬಿಯ ಮೇಲೆ "ಓರಾಕ್ ಮೌಲ್ಯ ಇಷ್ಟು ಸಾವಿರ" ಅಂತ ಇರುತ್ತದೆ. ನಂಬಬಹುದೇ?

ಅದನ್ನು ನೋಡಿ ಕೊಳ್ಳಬೇಡಿ. ಓರಾಕ್ ಎನ್ನುವುದು ಆಹಾರದ ಆ್ಯಂಟಿಆಕ್ಸಿಡೆಂಟ್ ಶಕ್ತಿಯನ್ನು ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅಳೆದ ಸಂಖ್ಯೆ. ಅದಕ್ಕೂ ದೇಹಕ್ಕಾಗುವ ಉಪಯೋಗಕ್ಕೂ ಸಂಬಂಧ ತೋರಿಸಲಾಗದು, ಕಂಪನಿಗಳು ದುರ್ಬಳಕೆ ಮಾಡುತ್ತಿವೆ ಎಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತನ್ನ ಓರಾಕ್ ಪಟ್ಟಿಯನ್ನು ತೆಗೆದುಹಾಕಿತು.

ಮತ್ತೆ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಆಧಾರ ಏನು?

ಸೊಪ್ಪು, ತರಕಾರಿ, ಹಣ್ಣು, ಇಡೀ ಧಾನ್ಯ, ಕಾಳು ಹೆಚ್ಚು ತಿನ್ನುವವರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ಆ ತಟ್ಟೆಯಲ್ಲಿ ನಾರು, ಪೊಟ್ಯಾಶಿಯಂ, ಫೋಲೇಟ್ ಕೂಡ ಇರುತ್ತವೆ. ಅದನ್ನು ತಿನ್ನುವಾಗ ಕರಿದದ್ದು, ಸಿಹಿ ತಾನಾಗಿ ಕಡಿಮೆಯಾಗುತ್ತದೆ. ಯಾವುದೋ ಒಂದೇ ವಸ್ತುವಿಗೆ ಹಾರ ಹಾಕಲಾಗದು.

ಒಂದು ವಸ್ತುವನ್ನು ಬೇರ್ಪಡಿಸಿ ನೋಡಿದ ದೊಡ್ಡ ಪ್ರಯೋಗವೂ ಇದೆ. ಅಮೆರಿಕದ ಕಾಸ್ಮೋಸ್ ಪ್ರಯೋಗದಲ್ಲಿ 21,442 ಹಿರಿಯರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್, ಅಂದರೆ ಕೋಕೋದಿಂದ ತೆಗೆದ ಫ್ಲೇವನಾಯ್ಡ್, ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಹೃದಯ-ರಕ್ತನಾಳದ ಒಟ್ಟು ತೊಂದರೆಗಳು ಶೇ. 10ರಷ್ಟು ಕಡಿಮೆ ಕಂಡರೂ ಅದು ಆಕಸ್ಮಿಕವಲ್ಲ ಎನ್ನುವಷ್ಟು ಸ್ಪಷ್ಟವಿರಲಿಲ್ಲ. ಆ ಕಾಯಿಲೆಗಳಿಂದ ಸತ್ತವರ ಸಂಖ್ಯೆ ಮಾತ್ರ ಶೇ. 27ರಷ್ಟು ಕಡಿಮೆಯಿತ್ತು. ಭರವಸೆ ಹುಟ್ಟಿಸುವ ಫಲಿತಾಂಶ, ಕೊನೆಯ ತೀರ್ಪಲ್ಲ. ಅಂಗಡಿಯ ಸಿಹಿ ಚಾಕೊಲೇಟಿಗಂತೂ ಇದು ಅನ್ವಯಿಸುವುದಿಲ್ಲ.

ತರಕಾರಿ ತಿನ್ನಲು ಪುರುಸೊತ್ತಿಲ್ಲ. ಮಾತ್ರೆ ತಗೊಂಡರೆ ಸಾಲದೇ?

ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಫಿನ್ಲೆಂಡಿನಲ್ಲಿ 50ರಿಂದ 69 ವರ್ಷದ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು, ಒಂದು ಪ್ರಯೋಗಕ್ಕೆ ಸೇರಿದರು. ಕ್ಯಾರೆಟ್, ಸೊಪ್ಪು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಗೊತ್ತಿತ್ತು. ಅದರಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನೇ ಮಾತ್ರೆ ಮಾಡಿ ದಿನಕ್ಕೆ 20 ಮಿಲಿಗ್ರಾಂ ಕೊಟ್ಟರು. 1994ರಲ್ಲಿ ಲೆಕ್ಕ ತೆಗೆದಾಗ ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರ ಮೇಲೆ ನಡೆಯುತ್ತಿದ್ದ ಕ್ಯಾರೆಟ್ ಹೆಸರಿನ ಇನ್ನೊಂದು ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೂಡ ಇತ್ತು. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು, ಸಾವು ಶೇ. 17ರಷ್ಟು ಹೆಚ್ಚಾದದ್ದು ಕಂಡು 1996ರ ಜನವರಿಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂದು 35,533 ಗಂಡಸರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ, 2011ರ ವರದಿ ಹೇಳಿದಂತೆ, ವಿಟಮಿನ್ ಇ ನುಂಗಿದವರಲ್ಲೇ ಆ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು.

ಇವೆಲ್ಲ ಒಳ್ಳೆಯ ಉದ್ದೇಶದಿಂದ, ಅತ್ಯಂತ ಎಚ್ಚರದಿಂದ ನಡೆದ ಪ್ರಯೋಗಗಳು. ಊಟದಲ್ಲಿ ಹತ್ತಾರು ಬಂಧುಗಳ ಜೊತೆ ಸ್ವಲ್ಪ ಸ್ವಲ್ಪವಾಗಿ ಬರುವ ವಸ್ತುವನ್ನು ಒಂಟಿಯಾಗಿ, ಹಲವು ಪಟ್ಟು ಹೆಚ್ಚಿಸಿ ಕೊಟ್ಟಾಗ ಅದರ ಗುಣವೇ ಬದಲಾಗಬಹುದು ಎಂದು ಅವುಗಳಿಂದ ಕಲಿತೆವು. 2009ರಲ್ಲಿ ಪ್ರಕಟವಾದ ಜರ್ಮನ್ ವಿಜ್ಞಾನಿಗಳ ಚಿಕ್ಕ ಪ್ರಯೋಗವೊಂದನ್ನು ನಾನು ವ್ಯಾಯಾಮ ಮಾಡುವವರಿಗೆ ತಪ್ಪದೆ ಹೇಳುತ್ತೇನೆ. ನಾಲ್ಕು ವಾರ ಎಲ್ಲರಿಗೂ ವ್ಯಾಯಾಮ ಮಾಡಿಸಿ, ಕೆಲವರಿಗೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟರು. ಮಾತ್ರೆ ತಗೊಳ್ಳದವರ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿತು. ಮಾತ್ರೆ ತಗೊಂಡವರಿಗೆ ಆ ಲಾಭ ಸಿಗಲಿಲ್ಲ. ವ್ಯಾಯಾಮದಿಂದ ಹುಟ್ಟುವ ಫ್ರೀ ರ್‍ಯಾಡಿಕಲ್‌ಗಳೇ ದೇಹಕ್ಕೆ "ಗಟ್ಟಿಯಾಗು" ಎಂದು ಹೇಳುವ ಸೂಚನೆ. ಮಾತ್ರೆ ಆ ಮಾತನ್ನೇ ಅಡಗಿಸಿಬಿಟ್ಟಿತು.

ಯಾವ ಮಾತ್ರೆಯೂ ಬೇಡವೇ? ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದಾರಲ್ಲ?

ಅದನ್ನು ಬಿಡಬೇಡಿ. ವಯಸ್ಸಾದವರಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ಮ್ಯಾಕ್ಯುಲರ್ ಡೀಜನರೇಶನ್‌ನ ಕೆಲವು ಹಂತಗಳಲ್ಲಿ ವಿಟಮಿನ್ ಸಿ, ಇ, ಸತು ಮುಂತಾದವು ಸೇರಿದ ನಿರ್ದಿಷ್ಟ ಮಾತ್ರೆ ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಸುಮಾರು ಕಾಲು ಭಾಗ ತಗ್ಗಿಸುತ್ತದೆ ಎಂದು 2001ರಲ್ಲಿ ತಿಳಿಯಿತು. 2013ರ ಮುಂದಿನ ಪ್ರಯೋಗದ ಬಳಿಕ ಅದರಲ್ಲಿದ್ದ ಬೀಟಾ ಕ್ಯಾರೋಟಿನ್ ತೆಗೆದು ಲ್ಯೂಟೀನ್, ಝೀಯಾಕ್ಸಾಂಥಿನ್ ಎಂಬ ಬೇರೆ ಎರಡು ಕ್ಯಾರೋಟಿನಾಯ್ಡ್ ಸೇರಿಸಿದರು. ಮಾತ್ರೆಗೆ ಬೇಕಾದ ಲ್ಯೂಟೀನನ್ನು ತೆಗೆಯುವುದು ಚೆಂಡು ಹೂವಿನಿಂದ. ನಮ್ಮ ರಾಜ್ಯದಲ್ಲೂ ಇದಕ್ಕೆಂದೇ ಚೆಂಡು ಹೂ ಬೆಳೆಯುವ ರೈತರಿದ್ದಾರೆ. ಕಾಯಿಲೆ ಇಲ್ಲದವರು ಮುಂಜಾಗ್ರತೆಗೆಂದು ಈ ಮಾತ್ರೆ ನುಂಗಬೇಕಿಲ್ಲ.

ಅರಿಶಿನ ಎಲ್ಲದಕ್ಕೂ ಮದ್ದಂತೆ. ಕ್ಯಾಪ್ಸೂಲ್ ತಗೊಳ್ಳಲಾ?

ಅಡುಗೆಯ ಅರಿಶಿನಕ್ಕೆ ನನ್ನ ಪೂರ್ಣ ಒಪ್ಪಿಗೆ. ಕ್ಯಾಪ್ಸೂಲಿಗೆ ಇಲ್ಲ.

ಅರಿಶಿನದ ಹಳದಿ ಕರ್ಕ್ಯುಮಿನ್‌ನಿಂದ. ಪುಡಿಯಲ್ಲಿ ಅದು ನೂರಕ್ಕೆ ಮೂರರ ಆಸುಪಾಸು. ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ವಸ್ತು, ಕೊಟ್ಟು ನೋಡಿದರು. ರಕ್ತದಲ್ಲಿ ಕರ್ಕ್ಯುಮಿನ್ ಸಿಗುವ ಪ್ರಮಾಣ ಶೇ. 2000ದಷ್ಟು ಏರಿತು. ಜಗತ್ತಿನ ಅರಿಶಿನ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸತ್ವ ಸೇರಿಸುವುದಕ್ಕೆ ಆಧಾರ ಆ ಪ್ರಯೋಗವೇ. ಮೆಣಸಿನ ಸಾರು ಮಾಡುವ ನಮಗೆ ಅದು ಸಂತೋಷದ ಸುದ್ದಿ. ಆದರೆ 2 ಗ್ರಾಂ ಶುದ್ಧ ಕರ್ಕ್ಯುಮಿನ್‌ಗೂ ಒಗ್ಗರಣೆಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಅಜಗಜಾಂತರ. ದೇಹ ಒಳಗೆ ಬಿಟ್ಟುಕೊಳ್ಳದ ವಸ್ತುವನ್ನು ಬಲವಂತವಾಗಿ ನುಗ್ಗಿಸಿದರೆ ಯಕೃತ್ತಿನ ಮೇಲೆ ಭಾರ ಬೀಳಬಹುದು. ಅಮೆರಿಕ, ಇಟಲಿಗಳಲ್ಲಿ ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ.

ಮಂಡಿ ನೋವಿಗೆಂದು ತಿಂಗಳುಗಟ್ಟಲೆ ಇಂಥ ಕ್ಯಾಪ್ಸೂಲ್ ನುಂಗಿದ ಹಿರಿಯರೊಬ್ಬರನ್ನು ಅವರ ಮಗಳು ಕರೆತಂದಿದ್ದರು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಯಾವ ಔಷಧಿ ತಗೊಳ್ಳುತ್ತೀರಿ ಅಂತ ಎಲ್ಲರೂ ಕೇಳಿದ್ದರು, ಅವರು ಈ ಹೆಸರು ಹೇಳಿರಲಿಲ್ಲ. "ಅದು ಔಷಧಿ ಅಲ್ವಲ್ಲಮ್ಮ, ಅರಿಶಿನ ತಾನೇ" ಅಂದರು. ನಿಲ್ಲಿಸಿದ ಮೇಲೆ ನಿಧಾನವಾಗಿ ಸರಿಹೋದರು. ಡಾಕ್ಟರು ಕೇಳಿದಾಗ ಪುಡಿ, ಲೇಹ್ಯ, ಕಷಾಯ, ಕ್ಯಾಪ್ಸೂಲ್ ಎಲ್ಲವನ್ನೂ ಹೇಳಿ. ಬಾಟಲಿ ಜೊತೆಗೇ ತನ್ನಿ.

ಹಸಿರು ಟೀ ಸತ್ವದ ಮಾತ್ರೆಗೂ ಇದೇ ಮಾತು. ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ (ಹಸಿರು ಟೀಯ ಮುಖ್ಯ ಪಾಲಿಫಿನಾಲ್) ಅಥವಾ ಅದಕ್ಕಿಂತ ಹೆಚ್ಚು ಮಾತ್ರೆಯ ರೂಪದಲ್ಲಿ ತಗೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎತ್ತಿ ತೋರಿಸಿತು. ಲೋಟದಲ್ಲಿ ಕುಡಿಯುವ ಟೀಗೆ ಆ ಭಯವಿಲ್ಲ.

ಕುದಿಸಿದರೆ, ಕುಕ್ಕರಿನಲ್ಲಿಟ್ಟರೆ ಎಲ್ಲಾ ಹಾಳಾಗುವುದಿಲ್ಲವೇ?

ಸ್ವಲ್ಪ ಹೋಗುತ್ತದೆ, ಸ್ವಲ್ಪ ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದನ್ನು ನಮ್ಮದೇ ಅಡುಗೆ ರೀತಿಯಲ್ಲಿ ಅಳೆದು ನೋಡಿದೆ. ಬೇಯಿಸುವಾಗ ಅರಿಶಿನದ ಕರ್ಕ್ಯುಮಿನ್ ಶೇ. 27ರಿಂದ 53ರಷ್ಟು ನಷ್ಟವಾಯಿತು. ಹತ್ತು ನಿಮಿಷ ಕುಕ್ಕರಿನಲ್ಲಿ ಬೆಂದಾಗ ಅತಿ ಹೆಚ್ಚು. ಆದರೆ ಹುಣಸೆಹಣ್ಣು ಜೊತೆಗಿದ್ದಾಗ ನಷ್ಟ ಶೇ. 12ರಿಂದ 30ಕ್ಕೆ ಇಳಿಯಿತು. ಹುಳಿ, ಸಾರು, ಗೊಜ್ಜು ಮಾಡುವ ಮನೆಗಳಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ನನಗೆ ಗೊತ್ತಿಲ್ಲ.

ನೀರಿನಲ್ಲಿ ಕರಗುವ ವಿಟಮಿನ್ ಸಿ, ಫೋಲೇಟ್, ಹಲವು ಪಾಲಿಫಿನಾಲ್‌ಗಳು ಬೇಯಿಸಿದ ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲಿದರೆ ಅವೂ ಹೋದವು. ಬಸ್ಸಾರು ಮಾಡುವವರು ಸೊಪ್ಪು, ಕಾಳು ಬೆಂದ ಕಟ್ಟನ್ನು ಬಸಿದು ಅದಕ್ಕೇ ಖಾರ ಸೇರಿಸಿ ಸಾರು ಮಾಡುತ್ತಾರೆ, ಉಳಿದದ್ದು ಪಲ್ಯ. ಚೆಲ್ಲುವುದಕ್ಕೆ ಏನೂ ಇಲ್ಲ. ಉಪ್ಸಾರೂ ಹಾಗೆಯೇ. ಈ ಎರಡು ಅಡುಗೆ ಗೊತ್ತಿದ್ದವರಿಗೆ ನಾನು ಹೊಸದಾಗಿ ಕಲಿಸುವುದೇನೂ ಇಲ್ಲ.

ಸೊಪ್ಪು ಹಸಿರಾಗಿರಲಿ ಅಂತ ಅಡುಗೆ ಸೋಡಾ ಹಾಕಬೇಡಿ, ವಿಟಮಿನ್ ಸಿ ಹಾಳಾಗುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿ. ಜಜ್ಜಿದಾಗ ಒಂದು ಕಿಣ್ವ ಅದರ ಗಂಧಕದ ಸತ್ವ ತಯಾರಿಸುತ್ತದೆ, ಬಿಸಿ ತಗುಲಿದ ತಕ್ಷಣ ಆ ಕಿಣ್ವ ಸತ್ತುಹೋಗುತ್ತದೆ.

ಕ್ಯಾರೆಟ್, ಟೊಮೆಟೊ ಹಸಿಯಾಗಿ ತಿನ್ನಬೇಕೋ ಬೇಯಿಸಿಯೋ?

ಎರಡೂ. ಟೊಮೆಟೊದ ಕೆಂಪು ಬಣ್ಣವಾದ ಲೈಕೋಪೀನ್ ಬೆಂದಾಗ ಹೆಚ್ಚು ಸಿಗುತ್ತದೆ, ವಿಟಮಿನ್ ಸಿ ಹಸಿಯಲ್ಲಿ ಹೆಚ್ಚು. ಕ್ಯಾರೋಟಿನಾಯ್ಡ್‌ಗಳು ಕೊಬ್ಬಿನಲ್ಲಿ ಕರಗುವವು. 2004ರಲ್ಲಿ ಅಮೆರಿಕದಲ್ಲಿ ಎಣ್ಣೆಯಿಲ್ಲದ ಸಾಲಡ್ ತಿಂದವರ ರಕ್ತ ನೋಡಿದರೆ ಕ್ಯಾರೋಟಿನಾಯ್ಡ್ ಸೇರಿದ್ದು ಇಲ್ಲವೆಂಬಷ್ಟು ಕಡಿಮೆ. ನಮ್ಮ ಕ್ಯಾರೆಟ್ ಕೋಸಂಬರಿಗೆ ತೆಂಗಿನ ತುರಿಯೂ ಒಂದು ಚಮಚ ಎಣ್ಣೆಯ ಒಗ್ಗರಣೆಯೂ ಇರುತ್ತದೆ. ತೂಕ ಇಳಿಸಬೇಕು ಅಂತ ಅದನ್ನು ಪೂರ್ತಿ ತೆಗೆಯಬೇಡಿ.

ರಾಗಿಯಲ್ಲೂ ಇದೆಯಾ?

ಧಾರಾಳವಾಗಿ. ರಾಗಿಯ ಪಾಲಿಫಿನಾಲ್ ಬಹುಪಾಲು ಅದರ ಕೆಂಗಂದು ಹೊರಪದರದಲ್ಲಿದೆ. ಬಿಳಿ ರಾಗಿಯಲ್ಲಿ ಕಡಿಮೆ. ಕಾಳು ಅಷ್ಟು ಸಣ್ಣದಾದ್ದರಿಂದ ಹೊಟ್ಟಿನ ಸಮೇತ ಬೀಸುತ್ತೇವೆ, ಅದೇ ನಮ್ಮ ಪುಣ್ಯ. ಈಗ ಜರಡಿ ಹಿಡಿದು ನುಣುಪಾದ ಹಿಟ್ಟು ಮಾರುತ್ತಾರೆ. ಆ ನುಣುಪಿಗೆ ಮರುಳಾಗಬೇಡಿ.

ರಾಗಿಯ ಟ್ಯಾನಿನ್ ಕಬ್ಬಿಣದ ಅಂಶಕ್ಕೆ ಅಂಟಿಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು, ಎಳೆಯ ಮಕ್ಕಳಿಗೆ ಇದು ಮುಖ್ಯ. ಮೊಳಕೆ ಕಟ್ಟಿದ ರಾಗಿಯಲ್ಲಿ ಟ್ಯಾನಿನ್ ಇಳಿಯುತ್ತದೆ. ಮಗುವಿನ ಸರಿಗೆ ಅದನ್ನೇ ಬಳಸಿ. ಮುದ್ದೆಯ ಜೊತೆ ನಿಂಬೆ ಹಿಂಡಿದ ಸೊಪ್ಪಿನ ಪಲ್ಯವೋ ಹಸಿ ಈರುಳ್ಳಿಯೋ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಧಾನ್ಯ-ಕಾಳುಗಳ ಕಬ್ಬಿಣ, ಸತು ಕರುಳಿಗೆ ಹೆಚ್ಚು ದೊರೆಯುವಂತೆ ಮಾಡುತ್ತವೆ ಎಂದು ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ ಕಂಡಿದೆ. ಸಕ್ಕರೆ ಕಾಯಿಲೆ ಇದ್ದವರು ರಾಗಿ ಅಂತ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ.

ಕಾಫಿ, ಟೀ ಒಳ್ಳೆಯದೋ ಕೆಟ್ಟದ್ದೋ?

ಒಳ್ಳೆಯದೇ, ಊಟದ ಜೊತೆ ಮಾತ್ರ ಬೇಡ. ಕಾಫಿಯಲ್ಲಿ ಕ್ಲೋರೋಜೆನಿಕ್ ಆ್ಯಸಿಡ್, ಟೀಯಲ್ಲಿ ಕ್ಯಾಟೆಚಿನ್‌ಗಳಿವೆ. ತರಕಾರಿ ಅಷ್ಟಾಗಿ ತಿನ್ನದವರಿಗೆ ದಿನದ ಪಾಲಿಫಿನಾಲ್‌ನ ದೊಡ್ಡ ಪಾಲು ಬರುವುದೇ ಈ ಲೋಟದಿಂದ. ಆದರೆ 1983ರ ಪ್ರಯೋಗವೊಂದರಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕಬ್ಬಿಣದ ಹೀರುವಿಕೆಯನ್ನು ಶೇ. 39ರಷ್ಟು, ಟೀ ಶೇ. 64ರಷ್ಟು ತಗ್ಗಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ-ಕಾಫಿ ಬೇಡ ಅನ್ನುತ್ತದೆ. ಇಡ್ಲಿ ಜೊತೆಗೇ ಕಾಫಿ ಕುಡಿಯುವ ಅಭ್ಯಾಸ ನಮ್ಮದು, ಕಷ್ಟ ನನಗೆ ಗೊತ್ತು. ಹಿಮೋಗ್ಲೋಬಿನ್ ಕಡಿಮೆ ಇರುವವರು ಅಷ್ಟಾದರೂ ಬದಲಾಯಿಸಿಕೊಳ್ಳಿ.

ಬ್ಲೂಬೆರ್ರಿ ತರಿಸಬೇಕಾ?

ಬೇಡ. ಜೂನ್-ಜುಲೈಯಲ್ಲಿ ನೇರಳೆ ತಿನ್ನಿ, ಅದೇ ಆಂಥೋಸಯನಿನ್ ಜಾತಿಯ ಬಣ್ಣ. ವಿಟಮಿನ್ ಸಿ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಸಾಕು. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಆಸುಪಾಸು ಇದೆ, ಕಿತ್ತಳೆಯಲ್ಲಿ ಸುಮಾರು 50. ಬೆಟ್ಟದ ನೆಲ್ಲಿಕಾಯಿ ಸೀಬೆಯನ್ನೂ ಮೀರಿಸುತ್ತದೆ.

ಜ್ಯೂಸ್ ಮಾಡಿ ಕುಡಿದರೆ?

ನಾರು ಹೋಗುತ್ತದೆ, ಸಕ್ಕರೆ ಬೇಗ ಏರುತ್ತದೆ. ಹಣ್ಣನ್ನು ಅಗಿದು ತಿನ್ನಿ. ಪುನರ್ಪುಳಿ ಶರಬತ್ತು ಕುಡಿಯುವವರು ಸಕ್ಕರೆ ಬಿಟ್ಟು, ಜೀರಿಗೆ, ಉಪ್ಪು ಹಾಕಿ ಸಾರಿನ ಹಾಗೆ ಮಾಡಿಕೊಳ್ಳಿ.

ನೇರಳೆ ಬೀಜದ ಪುಡಿ ತಿಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದಾ?

ಬಿಡಬಾರದು. ಯಾರು ಹೇಳಿದರೂ ಬಿಡಬೇಡಿ.

ಅಡಿಕೆಯಲ್ಲೂ ಪಾಲಿಫಿನಾಲ್ ಇದೆಯಂತಲ್ಲ? ಹಾಗಾದರೆ ಒಳ್ಳೆಯದಲ್ಲವೇ?

ನಾನು ಮಲೆನಾಡಿನ ತೋಟದ ಮನೆಯವಳು. ಅಡಿಕೆ ದುಡ್ಡಿನಲ್ಲೇ ಓದಿದವಳು. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಗಟ್ಟಿ ಕೆಂಪು ಚೊಗರು ಕೈಗೆ ಹತ್ತಿದರೆ ವಾರವಾದರೂ ಹೋಗುತ್ತಿರಲಿಲ್ಲ. ಅದು ಪೂರ್ತಿ ಟ್ಯಾನಿನ್. ವೀಳ್ಯದ ಕಾಚು ಕೂಡ ಅಂಥದ್ದೇ. ಹಸಿರು ಟೀಯ ಹೊಗಳಿಕೆಯಲ್ಲಿ ಬರುವ ಕ್ಯಾಟೆಚಿನ್ ಎಂಬ ಹೆಸರು ಹುಟ್ಟಿದ್ದೇ ಕ್ಯಾಟೆಚು, ಅಂದರೆ ಈ ಕಾಚಿನಿಂದ. ಪಾಲಿಫಿನಾಲ್ ಇದ್ದದ್ದೆಲ್ಲ ಒಳ್ಳೆಯದಾಗಿದ್ದರೆ ಕವಳ ಹಾಕುವವರೇ ಎಲ್ಲರಿಗಿಂತ ಆರೋಗ್ಯವಂತರಾಗಿರಬೇಕಿತ್ತು.

ಕವಳಕ್ಕೆ ಸುಣ್ಣ ಹಚ್ಚಿದ ಕೂಡಲೇ ಬಾಯಿ ಕೆಂಪಾಗುತ್ತದಲ್ಲ? ಸುಣ್ಣದ ಕ್ಷಾರದಲ್ಲಿ ಅಡಿಕೆಯ ಪಾಲಿಫಿನಾಲ್ ತಾನೇ ವೇಗವಾಗಿ ಉತ್ಕರ್ಷಣಗೊಳ್ಳುವ ಬಣ್ಣ ಅದು. ಹಾಗೆ ಆಗುವಾಗ ಅದು ಫ್ರೀ ರ್‍ಯಾಡಿಕಲ್‌ಗಳನ್ನು ತಡೆಯುವುದಿಲ್ಲ, ಹುಟ್ಟಿಸುತ್ತದೆ. ಆಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಬಾಯಿಯ ಒಳಚರ್ಮಕ್ಕೇ ತಗಲುತ್ತದೆ. ಜೊತೆಗೆ ಅಡಿಕೆಯ ಅರೆಕೊಲಿನ್ ಕೆನ್ನೆಯ ಒಳಪದರವನ್ನು ಗಡುಸಾಗಿಸಿ ಬಾಯಿ ತೆರೆಯದಂತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ಊರಿನಲ್ಲಿ ಹೇಳಿದಾಗ ನೆಂಟರಿಗೆ ಬೇಸರವಾಗುತ್ತದೆ, ನನಗೂ ಹೇಳಲು ಸುಖವಿಲ್ಲ. ಎರಡು ಬೆರಳು ಬಾಯಿಗೆ ಹೋಗದ ಹುಡುಗರಿಗೆ ಗಂಜಿ ಕುಡಿಯುವುದನ್ನು ಕಲಿಸುವವಳು ನಾನು. ಹೇಳದೆ ಇರಲಾರೆ.

ಯಾರು ಹುಷಾರಾಗಿರಬೇಕು?

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ದಿನದಿಂದ ದಿನಕ್ಕೆ ಒಂದೇ ಅಳತೆಯಲ್ಲಿರಲಿ, ಸೊಪ್ಪಿನ ವಿಟಮಿನ್ ಕೆ ಆ ಔಷಧಿಯ ವಿರುದ್ಧ ಕೆಲಸ ಮಾಡುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ದಾರೆಹುಳಿಯನ್ನು, ಕಮರಾಕ್ಷಿ ಅಂತಲೂ ಅನ್ನುತ್ತಾರೆ, ಮುಟ್ಟಲೇಬಾರದು. ಅದರ ವಿಷ ಮಿದುಳಿಗೆ ಏರಿ ಜೀವಕ್ಕೇ ಅಪಾಯವಾದದ್ದಿದೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಮಾತ್ರೆ ಗಂಡಸರಲ್ಲಿ ಮೂತ್ರಪಿಂಡದ ಕಲ್ಲಿನ ಅಪಾಯ ಹೆಚ್ಚಿಸುತ್ತದೆ. ಕೀಮೋ, ರೇಡಿಯೇಶನ್ ನಡೆಯುತ್ತಿರುವವರು ಡಾಕ್ಟರನ್ನು ಕೇಳದೆ ಯಾವ ಆ್ಯಂಟಿಆಕ್ಸಿಡೆಂಟ್ ಮಾತ್ರೆಯನ್ನೂ ತಗೊಳ್ಳಬಾರದು, ಚಿಕಿತ್ಸೆಯ ಕೆಲಸಕ್ಕೇ ಅದು ಅಡ್ಡಬರಬಹುದು. ಊಟದ ತರಕಾರಿ, ಹಣ್ಣಿಗೆ ಆ ನಿಷೇಧವಿಲ್ಲ.

ಕೊನೆಗೆ, ದಿನಕ್ಕೆ ಎಷ್ಟು ತಿನ್ನಬೇಕು ಹೇಳಿಬಿಡಿ.

ವಿಶ್ವ ಆರೋಗ್ಯ ಸಂಸ್ಥೆ ತರಕಾರಿ, ಹಣ್ಣು ಸೇರಿ ಕನಿಷ್ಠ 400 ಗ್ರಾಂ ಅನ್ನುತ್ತದೆ. ನಮ್ಮ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ 500 ಗ್ರಾಂ ಅನ್ನುತ್ತದೆ. ಆಲೂಗಡ್ಡೆ ಲೆಕ್ಕಕ್ಕಿಲ್ಲ. ಒಂದು ಸಲ ಮನೆಯ ತಕ್ಕಡಿಯಲ್ಲಿ ಅರ್ಧ ಕೆ.ಜಿ. ತೂಗಿ ತಟ್ಟೆಯಲ್ಲಿ ಹರಡಿ ನೋಡಿ. ನನ್ನ ಬಳಿ ಬರುವವರಿಗೆ ಅದನ್ನೇ ಮಾಡಿ ತೋರಿಸುತ್ತೇನೆ. ಒಂದು ಹಿಡಿ ಹರಿವೆ, ಎರಡು ಬದನೆ, ಒಂದು ಕ್ಯಾರೆಟ್, ಒಂದು ಟೊಮೆಟೊ, ಒಂದು ಸೀಬೆಹಣ್ಣು ಇಡುವಷ್ಟರಲ್ಲಿ ಮುಳ್ಳು ಅಲ್ಲಿಗೆ ಬಂದಿರುತ್ತದೆ. "ಇಷ್ಟೇನಾ ಮೇಡಂ? ಇದು ನಮ್ಮ ಸಂತೆಯಲ್ಲೇ ಸಿಗುತ್ತಲ್ಲ" ಅನ್ನುತ್ತಾರೆ. ಹೌದು, ಅಲ್ಲೇ ಸಿಗುತ್ತದೆ.